ಗ್ಯಾರೇಜ್ ಕಟ್ಟೆ: ಹಳ್ಳ ದಾಟುವ ಜೀಪಿನಲ್ಲಿ ಗುಂಯ್ ಶಬ್ದ

ಪ್ರಶ್ನೆ: ನಮ್ಮದು ಹಳೇ ಮಹೀಂದ್ರಾ ಎಂಎಂ 540, ಫೋರ್ ವೀಲ್. ದೊಡ್ಡ ಗಟ್ಟೆಯ ಮಡ್ ಟೈರ್ ಇದೆ. ತೋಟಕ್ಕೆ ಹೋಗಬೇಕಾದರೆ ದಿನಾ ಹಳ್ಳ ದಾಟಬೇಕು. ಮಳೆಗಾಲ ಮುಗಿದ ಮೇಲೆ ವೇಗ 40 ದಾಟಿದರೆ ಮುಂದುಗಡೆ ಗುಂಯ್ ಅನ್ನುತ್ತದೆ. ಒಬ್ಬ ಮೆಕ್ಯಾನಿಕ್ ಟೈರ್ ಶಬ್ದ ಅಂದರು. ಇನ್ನೊಬ್ಬರು ಮುಂದಿನ ನಾಲ್ಕೂ ಬೇರಿಂಗ್ ಬದಲಿಸಿ ಅಂತಾರೆ. ಯಾರ ಮಾತು ಕೇಳಲಿ?
– ಮೂಡಿಗೆರೆಯ ಓದುಗರು

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಶಬ್ದ ಎಲ್ಲಿಂದ ಬರುತ್ತಿದೆ ಅಂತ ನೋಡದೆ ನಾಲ್ಕು ಬೇರಿಂಗ್ ತರಿಸುವುದು ನಿಮ್ಮ ದುಡ್ಡಿನಲ್ಲಿ ಲಾಟರಿ ಆಡಿದ ಹಾಗೆ.

ಮೊದಲು ಟೈರ್ ವಿಷಯ ಮುಗಿಸೋಣ. ಮಡ್ ಟೈರ್ ಹೊಸದಿದ್ದಾಗಲೇ ಶಬ್ದ ಮಾಡುತ್ತದೆ. ಆದರೆ ರಸ್ತೆ ಬದಲಾದರೆ ಅದರ ಶಬ್ದವೂ ಬದಲಾಗುತ್ತದೆ. ಹೊಸ ಡಾಂಬರಿನ ಮೇಲೆ ಒಂದು ಥರ, ಜಲ್ಲಿ ಎದ್ದ ರಸ್ತೆಯಲ್ಲಿ ಇನ್ನೊಂದು ಥರ. ಬೇರಿಂಗಿಗೆ ರಸ್ತೆಯ ಹಂಗಿಲ್ಲ, ಚಕ್ರ ಎಷ್ಟು ಜೋರಾಗಿ ತಿರುಗುತ್ತದೋ ಅಷ್ಟು ಕೂಗುತ್ತದೆ. ಅನುಮಾನ ಉಳಿದರೆ ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಓಡಿಸಿ. ಶಬ್ದವೂ ಹಿಂದಕ್ಕೆ ಹೋಯಿತಾ? ಹಾಗಾದರೆ ಮೊದಲನೆಯವರು ಹೇಳಿದ್ದು ಸರಿ.

ಆಮೇಲೆ ಖಾಲಿ ಇರುವ ನೇರ ರಸ್ತೆಯಲ್ಲಿ 50ಕ್ಕೆ ತಂದು ನ್ಯೂಟ್ರಲ್ ಮಾಡಿ. ನೀವು ಮೂಡಿಗೆರೆಯವರು ಅಂತ ಹೇಳುತ್ತಿದ್ದೇನೆ, ಈ ಪರೀಕ್ಷೆ ಚಾರ್ಮಾಡಿ ಇಳಿಜಾರಿನಲ್ಲಿ ಖಂಡಿತ ಬೇಡ. ಎಂಜಿನ್ ಶಬ್ದ ಇಳಿದರೂ ಗುಂಯ್ ಹಾಗೇ ಇದ್ದು, ವೇಗ ಕಮ್ಮಿಯಾದ ಹಾಗೆ ಮಾತ್ರ ಇಳಿದರೆ ತಪ್ಪು ಚಕ್ರದ ಕಡೆ ಇದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಅಂದರೆ ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಡಬ್ಬ) ಕಡೆ ನೋಡಬೇಕು. ತಿರುವಿನಲ್ಲೂ ಕಿವಿ ಕೊಡಿ. ಬಲಕ್ಕೆ ತಿರುಗಿಸಿದಾಗ ಭಾರ ಎಡಚಕ್ರದ ಮೇಲೆ ಬೀಳುತ್ತದೆ. ಆಗ ಶಬ್ದ ಜಾಸ್ತಿಯಾದರೆ ಎಡಗಡೆಯ ಬೇರಿಂಗ್ ಮೇಲೆ ಅನುಮಾನ. ಇದು ಪಕ್ಕಾ ಸಾಕ್ಷಿ ಅಲ್ಲ, ಆದರೆ ಯಾವ ಚಕ್ರ ಮೊದಲು ಎತ್ತಬೇಕು ಅಂತ ಗೊತ್ತಾಗುತ್ತದೆ.

ಈಗ ಜಾಕ್. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಆಟ ಹೋದರೆ ಅದು ಬೇರಿಂಗಿನದ್ದು. ಆಗಲೂ ಉಳಿದರೆ ಕಿಂಗ್‌ಪಿನ್ ಕಡೆಯದ್ದು, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಗೂಟದ್ದು. ಎಷ್ಟೋ ಜೀಪಿಗೆ ಕಿಂಗ್‌ಪಿನ್ ಸವೆದಿದ್ದಾಗ ಸುಮ್ನೆ ಬೇರಿಂಗ್ ಹಾಕಿರುತ್ತಾರೆ.

ನಿಮ್ಮಂಥ ಜೀಪಿನಲ್ಲಿ ಇನ್ನೊಂದು ತೊಡಕಿದೆ. ಫ್ರೀ ವೀಲ್ ಹಬ್ (ಬೇಡವಾದಾಗ ಮುಂದಿನ ಚಕ್ರವನ್ನು ಶಾಫ್ಟಿನಿಂದ ಬಿಡಿಸುವ ಹಬ್) ಹಾಕಿಸಿಲ್ಲ ಅಂದರೆ ಮುಂದಿನ ಚಕ್ರ ತಿರುಗಿಸಿದಾಗ ಒಳಗಿನ ಶಾಫ್ಟ್, ಡಿಫರೆನ್ಷಿಯಲ್ ಎಲ್ಲ ಜೊತೆಗೇ ತಿರುಗುತ್ತವೆ. ಯಾವುದರ ಶಬ್ದ ಅಂತ ಹೇಗೆ ಹೇಳುತ್ತೀರಿ? ಹಬ್ ಅಂದರೆ ಚಕ್ರದ ನಡುವೆ ಬೇರಿಂಗ್ ಕೂತಿರುವ ಭಾಗ. ಅದರ ಮುಖದ ಮೇಲೆ ಶಾಫ್ಟನ್ನು ಹಬ್ಬಿಗೆ ಸೇರಿಸುವ ಬಿಲ್ಲೆ, ಡ್ರೈವ್ ಫ್ಲೇಂಜ್, ಇರುತ್ತದೆ. ಅದನ್ನು ಬಿಚ್ಚಿ ಹೊರಗೆ ತೆಗೆಯಿರಿ. ಈಗ ಚಕ್ರ ಒಂದೇ ತಿರುಗುತ್ತದೆ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಬ್ರೇಕ್ ಹಿಂಬದಿಯ ತಗಡಿನ ಮೇಲೆ ಇಡಿ. ಒಳ್ಳೆಯ ಬೇರಿಂಗ್ ಆದರೆ ಅಂಗೈಗೆ ಏನೂ ತಿಳಿಯುವುದಿಲ್ಲ. ಕೆಟ್ಟಿದ್ದರೆ ಗರಗರ ಅಂತ ಸಿಗುತ್ತದೆ, ಕಿವಿಗೆ ಕೇಳದಿದ್ದರೂ ಸಿಗುತ್ತದೆ. ಬ್ರೇಕ್ ಶೂ ಉಜ್ಜುವ ಶಬ್ದಕ್ಕೆ ಮಾತ್ರ ಮೋಸ ಹೋಗಬೇಡಿ, ಮೊದಲು ಅದನ್ನು ಸಡಿಲ ಮಾಡಿಕೊಳ್ಳಿ.

ಬಿಚ್ಚಿದ ಮೇಲೆ ಮೊದಲು ಗ್ರೀಸ್ ನೋಡಿ, ಬೇರಿಂಗ್ ಆಮೇಲೆ. ನಿಮ್ಮ ಜೀಪಿನಲ್ಲಿ ಅದು ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ಬಂದಿರುತ್ತದೆ ಅಂತ ನನ್ನ ಊಹೆ. ಅಂದರೆ ನೀರು ಸೇರಿದೆ. ನೀರು ಹೇಗೆ ಹೋಗುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಓಡಿ ಬಂದ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ಹಾಗೇ ಹಳ್ಳದ ತಣ್ಣೀರಿಗೆ ಇಳಿಸಿದರೆ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನೂ ಅದರ ಜೊತೆ ಸಣ್ಣ ಮರಳನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಸಾಯಂಕಾಲ ಜೀಪ್ ಶೆಡ್ಡಿನಲ್ಲಿ ನಿಂತಾಗ ರೋಲರ್ ಮುಟ್ಟಿದಲ್ಲೆಲ್ಲ ತುಕ್ಕು ಹಿಡಿಯುತ್ತದೆ. ಕಪ್ (ರೋಲರ್ ಓಡುವ ಹೊರಗಿನ ಬಳೆ) ಒರೆಸಿ ಬೆಳಕಿಗೆ ಹಿಡಿದರೆ ಒಂದೇ ಅಂತರದಲ್ಲಿ ಕಪ್ಪು ಗೆರೆಗಳು ಕಾಣುತ್ತವೆ, ಅಲ್ವಾ, ಅದು ಇದೇ. ಆ ಗೆರೆಗಳೇ ಮುಂದೆ ಗುಳಿ ಬಿದ್ದು ಗುಂಯ್ ಅನ್ನುವುದು. ಹಾಗಾಗಿ ಹಳೇ ಸೀಲ್ ಉಳಿಸಿ ಹೊಸ ಬೇರಿಂಗ್ ಹಾಕುವ ಲೆಕ್ಕಾಚಾರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಗ್ರೀಸ್ ತೆಳ್ಳಗಾಗಿ ಗೇರ್ ಆಯಿಲ್ ವಾಸನೆ ಬಂದರೆ ಆಕ್ಸಲ್ ಒಳಗಿನ ಸೀಲ್ ಕೂಡ ಹೋಗಿದೆ ಅಂತ ತಿಳಿಯಿರಿ.

ಗುಳಿ, ತುಕ್ಕಿನ ಗೆರೆ, ಬಿಸಿಗೆ ನೀಲಿ ತಿರುಗಿದ ರೋಲರ್, ಇವುಗಳಲ್ಲಿ ಒಂದು ಕಂಡರೂ ಬದಲಿಸಿ. ಕೋನ್ (ರೋಲರ್ ಇರುವ ಒಳಭಾಗ) ಮತ್ತು ಕಪ್ ಜೊತೆಯಾಗೇ ಹೋಗಬೇಕು. ಹೊಸ ಕೋನನ್ನು ಹಳೇ ಕಪ್ಪಿನಲ್ಲಿ ಕೂರಿಸಿದರೆ ಮತ್ತೆ ಅದೇ ಶಬ್ದ. ವಿಲ್ಲೀಸ್ ಕಾಲದ ಹಬ್‌ಗಳಲ್ಲಿ ಕೋನ್ ನಂಬರ್ 18590, ಕಪ್ 18520. ಆದರೆ ಹಳೇ ಜೀಪಿನಲ್ಲಿ ಯಾರು ಯಾವಾಗ ಏನು ಬದಲಿಸಿದ್ದಾರೋ, ನಿಮ್ಮ ಬೇರಿಂಗ್ ಮೇಲೆ ಕೊರೆದ ನಂಬರನ್ನೇ ಓದಿಕೊಂಡು ಅಂಗಡಿಗೆ ಹೋಗಿ. ಬೇರಿಂಗ್ ಕೂರುವ ಸ್ಪಿಂಡಲ್ ಕೊಳವೆಯ ಮೇಲೂ ಬೆರಳು ಆಡಿಸಿ. ಅಲ್ಲಿ ಮೆಟ್ಟಿಲಿನ ಹಾಗೆ ಸವೆದಿದ್ದರೆ ಹೊಸ ಬೇರಿಂಗ್ ಕೂಡ ಬಾಳುವುದಿಲ್ಲ.

ಕಪ್ ಕೂರಿಸುವಾಗ ಹಿತ್ತಾಳೆ ಕಡ್ಡಿ ಇಟ್ಟು ಸುತ್ತಲೂ ಸಮನಾಗಿ ಹೊಡೆಯಿರಿ. ಮೊದಲು ಮಂಕಾಗಿ ಕೇಳುವ ಏಟು, ತಳ ಮುಟ್ಟಿದಾಗ ಟಣ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ. ಗ್ರೀಸ್ ತುಂಬುವಾಗ ಅಂಗೈಯಲ್ಲಿ ಇಟ್ಟುಕೊಂಡು ಬೇರಿಂಗಿನ ಅಗಲದ ಕಡೆಯಿಂದ ಒತ್ತುತ್ತಾ ಹೋಗಿ, ರೋಲರ್ ಸಂದಿಯಿಂದ ಆಚೆ ಬದಿಗೆ ಬರುವ ತನಕ. ಮೇಲೆ ಸವರಿದರೆ ಆಗಲ್ಲ. ಹಾಗಂತ ಹಬ್ ಒಳಗೆಲ್ಲ ತುರುಕಲೂಬೇಡಿ, ಬಿಸಿಯಾಗುತ್ತದೆ. ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು ಒಣಗಿಸಿಯೇ ಹೊಸದು ಹಾಕಿ. ಎರಡು ಜಾತಿಯ ಗ್ರೀಸ್ ಬೆರೆತರೆ ಕೆಲವೊಮ್ಮೆ ನೀರಾಗಿ ಹರಿದುಹೋಗುತ್ತದೆ.

ಕೊನೆಗೆ ನಟ್. ಇಲ್ಲೇ ನಮ್ಮ ಮೇಸ್ತ್ರಿಗಳು ಉಳಿ, ಸುತ್ತಿಗೆ ಹಿಡಿಯುವುದು. ದಯವಿಟ್ಟು ಹಬ್ ಸಾಕೆಟ್ ಬಳಸಿ. ಉಳಿ ಏಟು ತಿಂದ ನಟ್ಟಿನಲ್ಲಿ ಬಿಗಿ ಎಷ್ಟು ಅಂತ ಕೈಗೆ ತಿಳಿಯುವುದೇ ಇಲ್ಲ. ಚಕ್ರ ತಿರುಗಿಸುತ್ತಲೇ ಒಳಗಿನ ನಟ್ ಬಿಗಿ ಮಾಡಿ. ಚಕ್ರ ಹಿಡಿದುಕೊಂಡಿತು ಅನಿಸಿದಾಗ ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಆರು ಮುಖದ ನಟ್ಟಿಗೆ ಒಂದು ಮುಖ ಅಂದುಕೊಳ್ಳಿ. ನಂತರ ಲಾಕ್ ವಾಷರ್, ಹೊರಗಿನ ನಟ್. ಹೊರಗಿನದನ್ನು ಬಿಗಿದ ಮೇಲೆ ಆಟ ಮತ್ತೆ ನೋಡಲೇಬೇಕು, ಅದು ಒಳಗಿನದನ್ನು ಸ್ವಲ್ಪ ಒತ್ತುತ್ತದೆ. ಎಲ್ಲ ಸರಿ ಇದ್ದರೆ ವಾಷರ್ ಅಂಚು ಮಡಿಸಿ. ವಾಷರ್ ಹೊಸದೇ ಇರಲಿ. 10 ಕಿಲೋಮೀಟರ್ ಓಡಿಸಿ ಬಂದು ಎರಡೂ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಕಡೆ ಕೈ ಇಡಲು ಆಗದಷ್ಟು ಬಿಸಿ ಅಂದರೆ ಬಿಗಿ ಜಾಸ್ತಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದಿದೆ.

ಪ್ರಶ್ನೆ: ನನ್ನದು ಹೊಸ ಎಸ್‌ಯುವಿ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ಬಿಲ್ಲೆ ಇಟ್ಟು ಅಗಲದ ಟೈರ್ ಹಾಕಿಸಿದ ಮೇಲೆ ಹಿಂದೆ ಬೇರಿಂಗ್ ಶಬ್ದ ಶುರುವಾಗಿದೆ. ಗ್ರೀಸ್ ಹೊಡೆಸಿದರೆ ಸಾಕಾ?
– ಬೆಂಗಳೂರಿನ ಓದುಗರು

ಉತ್ತರ: ಸೀಲ್ ಮಾಡಿದ ಬೇರಿಂಗಿಗೆ ಗ್ರೀಸ್ ತುಂಬಲು ದಾರಿಯೇ ಇಲ್ಲ, ಬದಲಿಸಬೇಕು. ಪ್ರೆಸ್‌ನಲ್ಲಿ ಕೂರಿಸುವಂಥದ್ದಾದರೆ ಹೊರಗಿನ ರಿಂಗ್ ಹಿಡಿದೇ ಒತ್ತಬೇಕು. ಒಳಗಿನ ರಿಂಗ್ ಮೇಲೆ ಒತ್ತಿದರೆ ಹೊಸ ಬೇರಿಂಗ್ ಅಲ್ಲೇ ಗುಳಿ ಬೀಳುತ್ತದೆ. ಎಬಿಎಸ್ ಕಾಂತದ ಪಟ್ಟಿ ಬೇರಿಂಗಿನ ಒಂದೇ ಬದಿಗೆ ಇರುವುದುಂಟು. ಅದು ಸೆನ್ಸರ್ ಕಡೆಗೇ ಬರಬೇಕು. ತಿರುವು ಮುರುವು ಹಾಕಿದರೆ ಲೈಟ್ ಹತ್ತುತ್ತದೆ, ಮತ್ತೆ ಬಿಚ್ಚಬೇಕು. ಇನ್ನು ಸ್ಪೇಸರ್. ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ ಸನ್ನೆಯ ಭಾರ ಜಾಸ್ತಿ. ನನಗೆ ಕೇಳಿದರೆ ತೆಗೆಸಿ. ನೋಟಕ್ಕೆ ಚೆನ್ನಾಗಿದೆ, ಒಪ್ಪುತ್ತೇನೆ.

ಪ್ರಶ್ನೆ: ಕೊಡಚಾದ್ರಿಗೆ ಜೀಪ್ ಓಡಿಸುತ್ತೇನೆ. ಮೇಲೆ ಹೋದ ಮೇಲೆ ಬೇರಿಂಗ್ ಶಬ್ದ ಶುರುವಾದರೆ ಹಾಗೇ ಇಳಿಯಬಹುದಾ?
– ಕೊಲ್ಲೂರಿನ ಓದುಗರು

ಉತ್ತರ: ಬರೀ ಗುಂಯ್ ಇದ್ದು, ಹಬ್ ಬಿಸಿಯಾಗದೆ, ಚಕ್ರದಲ್ಲಿ ಆಟ ಇಲ್ಲದಿದ್ದರೆ ಮೊದಲ ಗೇರಿನಲ್ಲಿ ನಿಧಾನವಾಗಿ ಇಳಿಯಿರಿ. ಜನರನ್ನು ಬೇರೆ ಜೀಪಿಗೆ ಹತ್ತಿಸಿ. ಕಟಕಟ ಅಂದರೆ, ಸುಟ್ಟ ಗ್ರೀಸ್ ವಾಸನೆ ಬಂದರೆ, ಬ್ರೇಕ್ ಪೆಡಲ್ ಒಮ್ಮೆ ಮೇಲೆ ಒಮ್ಮೆ ಕೆಳಗೆ ಸಿಕ್ಕರೆ ಒಂದು ಮಾರೂ ಮುಂದೆ ಹೋಗಬೇಡಿ. ಬಿಸಿ ಹಬ್ ಮೇಲೆ ನೀರು ಸುರಿಯುವುದೂ ಬೇಡ, ಯಾಕೆ ಅಂತ ಮೂಡಿಗೆರೆಯವರಿಗೆ ಬರೆದದ್ದರಲ್ಲಿ ಇದೆ. ಬಾಡಿಗೆ ಜೀಪು ಅಂದಮೇಲೆ ಮಳೆಗಾಲ ಮುಗಿದ ತಕ್ಷಣ ನಾಲ್ಕೂ ಹಬ್ ಬಿಚ್ಚಿಸಿ ನೋಡಿ. ಎರಡು ಸೀಲ್ ಮತ್ತು ಒಂದು ಲಾಕ್ ವಾಷರ್ ಸೀಟಿನಡಿ ಇಟ್ಟುಕೊಂಡಿರಿ, ಪೇಟೆಯಲ್ಲಿ ಬೇಕಾದಾಗ ಸಿಗದೇ ಇರುವುದು ಅವೇ.