ಮೊಣಕಾಲಿನ ಗಾಯಕ್ಕೆ ಪಿಂಚಣಿ ಎಷ್ಟು ಬರಬೇಕು?

ಪ್ರಶ್ನೆ: ಸರ್, ನಾನು ಸೋಮವಾರಪೇಟೆಯವನು. 2019ರಲ್ಲಿ ಸೇನೆಯಲ್ಲಿ 24 ವರ್ಷ ಸೇವೆ ಮುಗಿಸಿ ಹವಾಲ್ದಾರನಾಗಿ ನಿವೃತ್ತನಾದೆ. ಡ್ಯೂಟಿಯಲ್ಲಿ ಬಿದ್ದು ಮೊಣಕಾಲು ಹೋಯಿತು. ಮೆಡಿಕಲ್ ಬೋರ್ಡ್ ಶೇ. 30 ಅಂಗವೈಕಲ್ಯ ಎಂದು ಬರೆದು, ಸೇವೆಯಿಂದಲೇ ಆದದ್ದು ಎಂದು ಒಪ್ಪಿದೆ. ಕೊನೆಯ ಮೂಲ ವೇತನ 39,200 ರೂಪಾಯಿ. ನನಗೆ ಎಷ್ಟು ಸಿಗಬೇಕು?

ಉತ್ತರ: ತಮ್ಮಾ, ನಾನೂ ರೆಕಾರ್ಡ್ಸ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವನು. ಪೆನ್ನು ಹಿಡಿ, ಲೆಕ್ಕ ಕಷ್ಟವಿಲ್ಲ.

39,200ಕ್ಕೆ ಮಿಲಿಟರಿ ಸರ್ವಿಸ್ ಪೇ (ಸೈನಿಕರಿಗೆ ಮೂಲ ವೇತನದ ಜೊತೆ ಸಿಗುವ ಹಣ) 5,200 ಸೇರಿಸು: 44,400. ಪೂರ್ತಿ ಶೇ. 100 ಅಂಗವೈಕಲ್ಯ ಇದ್ದರೆ ಇದರ ಶೇ. 30, ಅಂದರೆ 13,320. ನಿನ್ನ ಅಂಗವೈಕಲ್ಯ ಶೇ. 30 ಆದ್ದರಿಂದ ಆ 13,320ರಲ್ಲಿ ಶೇ. 30, ಅಂದರೆ 3,996 ರೂಪಾಯಿ. ಇಲ್ಲೇ ತುಂಬಾ ಜನ ನಿಲ್ಲಿಸುತ್ತಾರೆ. ಆದರೆ ರೌಂಡಿಂಗ್ ಇದೆ ಅಲ್ವಾ! ಶೇ. 50ಕ್ಕಿಂತ ಕಡಿಮೆ ಇದ್ದರೆ 50 ಎಂದು ಹಿಡಿಯಬೇಕು. ಆಗ 6,660. ಪೂರ್ತಿ ಅವಧಿ ಮುಗಿಸಿದವರಿಗೂ ಇದು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ, ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದೆ. ಇದು ನಿನ್ನ ಸೇವಾ ಪಿಂಚಣಿಯ ಮೇಲೆ ಬರುವ ಹಣ. ತುಟ್ಟಿಭತ್ಯೆ ಬೇರೆ.

ಈಗಲೇ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ತೆಗೆದು ನೋಡು. ಶೇ. 30 ಅಂತಲೇ ಇದ್ದರೆ, ಬೋರ್ಡ್ ಕಾಗದದ ಜೊತೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಹೋಗು. ಅರ್ಜಿ ಬರೆಯಲು ನೆರವಾಗುತ್ತಾರೆ. ಸಂಕೋಚ ಬೇಡ. ಆ ಕಾಲು ದೇಶಕ್ಕೆ ಕೊಟ್ಟದ್ದು.

2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ನಿಯಮ ಬೇರೆ. ಅವರು ಈ ಲೆಕ್ಕ ಹಾಕಬಾರದು.