ಹಿಂದಿನ ದೀಪ ನೋಡಿ, ಇಸವಿ ಹೇಳಬಹುದು

ಪ್ರಶ್ನೆ: ಸಕಲೇಶಪುರದ ನಮ್ಮ ಕಾಫಿ ಕಣದ ಹಳೇ ಫೋಟೋದಲ್ಲಿ ಷೆವ್ರೊಲೆ ಇಂಪಾಲಾ ಕಾರು ನಿಂತಿದೆ. ಹಿಂದೆ ಮಲಗಿದ ರೆಕ್ಕೆ, ಬೆಕ್ಕಿನ ಕಣ್ಣಿನಂಥ ದೀಪ. ಅಪ್ಪ 1958ರದ್ದು ಅನ್ನುತ್ತಾರೆ. ಹೌದಾ?

ಉತ್ತರ: ಅಲ್ಲ, 1959ರದ್ದು. 1958ರಲ್ಲಿ ಇಂಪಾಲಾ ಷೆವ್ರೊಲೆಯದೇ ಬೆಲ್ ಏರ್ ಕಾರುಗಳ ಸಾಲಿನ ದುಬಾರಿ ಮಾದರಿ. ಹಿಂದೆ ಒಂದೊಂದು ಬದಿಗೂ ಮೂರು ದುಂಡು ದೀಪ. ಮರುವರ್ಷವೇ ಪೂರ್ತಿ ಬದಲು! 1957ರ ಮಾದರಿಯಾಗಿ ಎದುರಾಳಿ ಕಂಪನಿ ಕ್ರೈಸ್ಲರ್ ಎತ್ತರದ ರೆಕ್ಕೆಯ ಕಾರು ತಂದಾಗ ಷೆವ್ರೊಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ನ ವಿನ್ಯಾಸಕಾರರು ಬೆಚ್ಚಿಬಿದ್ದು ಹೊಸದಾಗಿ ಗೆರೆ ಎಳೆದರು. ಬೇರೆಯವರ ರೆಕ್ಕೆ ನೆಟ್ಟಗೆ ನಿಂತರೆ ಷೆವ್ರೊಲೆಯದು ಅಡ್ಡ ಮಲಗಿತು. ನನಗೆ ಅದಕ್ಕಿಂತ ಚಂದದ ಬಾಲ ಇನ್ನೊಂದಿಲ್ಲ.

ಚಿಕ್ಕಮಗಳೂರಿನ ನಮ್ಮ ಅಪ್ಪನ ಗ್ಯಾರೇಜಿಗೆ ಅಂಥದ್ದೊಂದು ಬರುತ್ತಿತ್ತು. ಹದಿನೇಳೂವರೆ ಅಡಿ ಉದ್ದ, ಬಾಲ ಶೆಡ್ಡಿನ ಹೊರಗೇ. ಮಳೆ ಬಂದರೆ ನಾನು ಓಡಿಹೋಗಿ ಕಂಬಳಿ ಹೊದಿಸುತ್ತಿದ್ದೆ.

1960ರಲ್ಲಿ ದುಂಡು ದೀಪ ಮರಳಿತು, 1961ರಲ್ಲಿ ರೆಕ್ಕೆ ಹೋಯಿತು. 1965ರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟ. 1977ರಲ್ಲಿ ಕಾರೇ ಚಿಕ್ಕದಾಯಿತು.

ನಿಮ್ಮ ಕಾರು ಇನ್ನೂ ಇದ್ದರೆ ಆ ದೀಪದ ಗಾಜು ಜೋಪಾನ. ಸುಮ್ನೆ ಯಾರಿಗೂ ಬಿಚ್ಚಲು ಬಿಡಬೇಡಿ.