ಬಿಸಿಲಿರೋ ಕಡಲಲ್ಲಿ ಗೊಬ್ಬರ ಯಾಕೆ ಕಮ್ಮಿ?

ಪ್ರಶ್ನೆ: ಸಾರ್, ನಮ್ದು ಮೂಡಿಗೆರೆ. ಚಾರ್ಮಾಡಿ ಘಾಟಿ ಹತ್ತಿ ಬರೋ ಬೂತಾಯಿ, ಬಂಗುಡೆ ತಿಂದೇ ಬೆಳೆದೋರು. ತಣ್ಣಗಿನ ಕಡಲಲ್ಲಿ ಮೀನಿಗೆ ಮೇವು ಜಾಸ್ತಿ, ನಮ್ಮಂಥ ಬಿಸಿಲು ಸೀಮೆ ಕಡಲಲ್ಲಿ ಕಮ್ಮಿ ಅಂತ ಮಗಳು ಪಾಠದಲ್ಲಿ ಓದಿದ್ಲು. ಬಿಸಿಲಿದ್ರೆ ಬೆಳೆ ಚೆನ್ನಾಗಿ ಬರ್ಬೇಕಲ್ವಾ?

ಉತ್ತರ: ಪಾಠ ಸರಿಯಾಗೇ ಇದೆ, ಆದ್ರೆ ಒಂದ್ ಮಾತು ಬಿಟ್ಟಿದೆ. ನೀರು ತಣ್ಣಗಿದ್ದ ಮಾತ್ರಕ್ಕೆ ಮೇವು ಹುಟ್ಟಲ್ಲ, ಆ ನೀರು ಆಳದಿಂದ ಬಂದಿದೆ ಅನ್ನೋದಕ್ಕೆ ತಂಪು ಒಂದು ಗುರುತು. ಕಡಲಿನ ಮೊದಲ ಬೆಳೆ ಅಂದ್ರೆ ಕಣ್ಣಿಗೆ ಕಾಣದ ಸಸ್ಯಪ್ಲವಕ, ಅದಕ್ಕೆ ಬೆಳಕಿನ ಜೊತೆ ನೈಟ್ರೇಟ್, ಫಾಸ್ಫೇಟ್ ಅನ್ನೋ ಗೊಬ್ಬರ ಬೇಕು. ನಿಮ್ಮ ತೋಟದಲ್ಲಿ ಮರದ ಎಲೆ ಉದುರಿದ್ರೆ ಕಾಫಿ ಗಿಡದ ಬುಡದಲ್ಲೇ ಕೊಳೆತು ಅಲ್ಲೇ ಗೊಬ್ಬರ ಆಗುತ್ತೆ, ಕಡಲಲ್ಲಿ ಹಾಗಲ್ಲ, ಸತ್ತ ಪ್ಲವಕ, ಮೀನಿನ ಹಿಕ್ಕೆ ಎಲ್ಲಾ ಕೆಳಗಿಳೀತಾ ಹೋಗಿ ಬೆಳಕೇ ಇಲ್ಲದ ಆಳದಲ್ಲಿ ಕೊಳೆಯುತ್ತೆ, ಗೊಬ್ಬರ ಅಲ್ಲೇ ಉಳ್ಕೊಳ್ಳುತ್ತೆ. ಮೇಲಿನ ಬಿಸಿ ನೀರು ಹಗುರ, ಕೆಳಗಿನದು ಭಾರ, ಹಾಗಾಗಿ ಎರಡೂ ಸುಲಭಕ್ಕೆ ಬೆರೆಯಲ್ಲ. ಅರಬ್ಬೀ ಸಮುದ್ರದಲ್ಲಿ ಸಾವಿರ ಮೀಟರ್ ಕೆಳಗೆ ಉಷ್ಣತೆ 10 ಡಿಗ್ರಿಗಿಂತ ಕಮ್ಮಿ, ನೈಟ್ರೇಟ್ ಲೀಟರಿಗೆ 30 ಮೈಕ್ರೋಮೋಲ್ (ನೀರಲ್ಲಿ ಕರಗಿದ ವಸ್ತು ಎಷ್ಟು ಅನ್ನೋ ಅಳತೆ) ದಾಟುತ್ತೆ. ಅದೇ ಬೇಸಿಗೇಲಿ 29-30 ಡಿಗ್ರಿ ಇರೋ ಮೇಲ್ಪದರದಲ್ಲಿ ಹುಡುಕಿದ್ರೂ ಸಿಗದಷ್ಟು ಕಮ್ಮಿ.

ಹಾಗಂತ ನಮ್ಮ ಕರಾವಳಿ ಬಡವಲ್ಲ, ನಿಮ್ಮ ಬೂತಾಯೀನೇ ಅದಕ್ಕೆ ಸಾಕ್ಷಿ. ಮುಂಗಾರಲ್ಲಿ ಗಾಳಿ ದಡದುದ್ದಕ್ಕೂ ತೆಂಕಣಕ್ಕೆ ಬೀಸುತ್ತೆ, ಭೂಮಿ ತಿರುಗೋದ್ರಿಂದ ಮೇಲ್ನೀರು ಬಲಕ್ಕೆ ಅಂದ್ರೆ ದಡದಿಂದ ಆಚೆಗೆ ಸರಿಯುತ್ತೆ, ಆ ಜಾಗಕ್ಕೆ ಕೆಳಗಿನ ತಣ್ಣೀರು ಗೊಬ್ಬರ ಹೊತ್ಕೊಂಡು ಏಳುತ್ತೆ. ಕೇರಳದಿಂದ ಮಂಗಳೂರು ಕಡೆವರೆಗೂ ಇದು ನಡೆಯುತ್ತೆ. ನೀರು ಹಸಿರಾಗುತ್ತೆ, ಪ್ಲವಕ ತಿಂದು ಬೂತಾಯಿ ಕೊಬ್ಬುತ್ತೆ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ರಾಜ್ಯದಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ ಇರೋ ಹೊತ್ತಲ್ಲೇ ಇಷ್ಟೆಲ್ಲಾ ಆಗೋದು, ಆ ರಜೆ ಎಷ್ಟು ಮುಖ್ಯ ಅಂತ ಇದರಲ್ಲೇ ಗೊತ್ತಾಗುತ್ತೆ. ಒಂದು ತೊಂದ್ರೆನೂ ಇದೆ, ಹಾಗೆ ಏಳೋ ನೀರಲ್ಲಿ ಆಮ್ಲಜನಕ ತೀರಾ ಕಮ್ಮಿ, ಅದು ದಡದ ಹತ್ರ ಬಂದಾಗ ತಳದಲ್ಲಿರೋ ಮೀನಿಗೆ ಉಸಿರು ಕಟ್ಟುತ್ತೆ.

ಪ್ರಶ್ನೆ: ಎಲ್ ನಿನೋ ಬಂದ್ರೆ ಮಳೆ ಕಮ್ಮಿ ಅಂತಾರೆ, ಮೀನಿಗೂ ಏಟು ಬೀಳುತ್ತಾ? (ಸಕಲೇಶಪುರದ ಓದುಗರು)

ಉತ್ತರ: ಎಲ್ ನಿನೋ ಅಂದ್ರೆ ಪೆಸಿಫಿಕ್ ಸಾಗರದ ಮೇಲ್ನೀರು ಮಾಮೂಲಿಗಿಂತ ಬಿಸಿಯಾಗೋದು. ಆ ಸಾಗರದ ದಡದಲ್ಲಿರೋ ಪೆರು ದೇಶದ ಕರಾವಳೀಲಿ ಏಟು ಜೋರಾಗೇ ಬೀಳುತ್ತೆ. ಅಲ್ಲೂ ಗಾಳಿಯಿಂದ ಆಳದ ನೀರು ಮೇಲೇಳುತ್ತೆ, ಆದ್ರೆ ಎಲ್ ನಿನೋ ವರ್ಷ ಬಿಸಿ ಪದರ ದಪ್ಪ ಆಗಿಬಿಡುತ್ತೆ, ಆಗ ಗಾಳಿ ಬೀಸ್ತಾನೇ ಇದ್ರೂ ಮೇಲೆ ಬರೋದು ಗೊಬ್ಬರ ಇಲ್ಲದ ಬಿಸಿ ನೀರೇ. 1970ರಲ್ಲಿ ಅವರ ಆಂಚೊವಿ ಮೀನುಗಾರಿಕೆ 1.2 ಕೋಟಿ ಟನ್ ದಾಟಿತ್ತು, 1972ರ ಎಲ್ ನಿನೋ ಆದ್ಮೇಲೆ 1973ರಲ್ಲಿ 20 ಲಕ್ಷ ಟನ್‌ಗೂ ಕೆಳಗಿಳೀತು. ಪೂರ್ತಿ ಎಲ್ ನಿನೋ ತಲೆಗೇ ಕಟ್ಟೋ ಹಾಗಿಲ್ಲ, ಅದಕ್ಕೂ ಮುಂಚೆ ವರ್ಷಗಟ್ಟಲೆ ಮಿತಿ ಮೀರಿ ಹಿಡಿದಿದ್ರು.